ಜೀಪು ಕೈಕೊಟ್ಟಾಗ ಮೊದಲು ನೋಡುವುದೇನು?

ನಾನು ಬೆದ್ದಲು ರೈತ. ಆಲೂರು ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಒಣಭೂಮಿ. ಮಳೆ ನಂಬಿ ರಾಗಿ, ಮುಸುಕಿನ ಜೋಳ, ಆಲೂಗೆಡ್ಡೆ ಬೆಳೆಯುತ್ತೇನೆ. ಓದಿದ್ದು ಏಳನೇ ಕ್ಲಾಸು. ಮೆಕ್ಯಾನಿಕ್ ಅಲ್ಲವೇ ಅಲ್ಲ. ಭಾವ ತೀರಿಕೊಂಡ ಮೇಲೆ ಸಕಲೇಶಪುರ ತಾಲ್ಲೂಕು ವನಗೂರಿನ ಅಕ್ಕನ ಮನೆಯ ಕಾಫಿ, ಏಲಕ್ಕಿ ತೋಟದ ಉಸ್ತುವಾರಿ ನನ್ನ ಮೇಲೆ ಬಿತ್ತು. ಅದರ ಜತೆಗೆ ಅವರ ಹಳೇ ಡೀಸೆಲ್ ಜೀಪೂ ನನ್ನ ಪಾಲಿಗೆ ಬಂತು.

ಅಲ್ಲಿ ಜೀಪಿಲ್ಲದೆ ಬಾಳುವೆ ಕಷ್ಟ. ಟಾರು ರಸ್ತೆ ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ. ಗೊಬ್ಬರ ಬರಬೇಕಾದರೂ ಅದೇ, ಕಾಫಿ ಹೋಗಬೇಕಾದರೂ ಅದೇ, ಕಾಯಿಲೆಯವರನ್ನು ಸಾಗಿಸಬೇಕಾದರೂ ಅದೇ.

ನನ್ನ ಊರಲ್ಲಿ ಗಾಡಿಗೆ ಶತ್ರು ದೂಳು. ವನಗೂರಲ್ಲಿ ಶತ್ರು ತೇವ. ಇದು ನನಗೆ ಅರ್ಥವಾಗುವುದಕ್ಕೆ ಮೂರು ಮಳೆಗಾಲ, ಒಂಬತ್ತು ಸಾವಿರ ರೂಪಾಯಿ ಮತ್ತು ಒಂದು ಕೆಟ್ಟ ರಾತ್ರಿ ಬೇಕಾಯಿತು.

ಆ ರಾತ್ರಿ

2019ರ ಆಗಸ್ಟ್ ಮಳೆ ಮಲೆನಾಡಿನವರು ಯಾರೂ ಮರೆತಿಲ್ಲ. ಅದಕ್ಕೆ ಎರಡು ತಿಂಗಳ ಮುಂಚಿನಿಂದ ಜೀಪು ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತಿರಲಿಲ್ಲ. ಕೀಲಿ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಪೇಟೆಯಲ್ಲಿ ಒಬ್ಬರು "ಬ್ಯಾಟರಿ ಸತ್ತಿದೆ" ಅಂದರು. ಹೊಸ ಬ್ಯಾಟರಿ ಹಾಕಿಸಿದೆ, 6,200 ರೂಪಾಯಿ. ಹದಿನೈದು ದಿನಕ್ಕೆ ಮತ್ತೆ ಅದೇ ರಾಗ. ಇನ್ನೊಬ್ಬರು ಸೆಲ್ಫ್ ಮೋಟಾರು ಬಿಚ್ಚಿ ರಿಪೇರಿ ಮಾಡಿದರು, 2,800 ರೂಪಾಯಿ.

ಆ ಸಂಜೆ ಅಕ್ಕನಿಗೆ ಉಸಿರಾಟದ ತೊಂದರೆ ಜೋರಾಯಿತು. ಸಕಲೇಶಪುರಕ್ಕೆ ಕರೆದುಕೊಂಡು ಹೋಗಬೇಕು. ಕೀಲಿ ತಿರುಗಿಸಿದರೆ ಮತ್ತೆ 'ಟಕ್'. ಇಳಿಜಾರಿಗೆ ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಕತ್ತಲು, ಕೆಸರು. ಮೇಲಾಗಿ ಆಲೂರು-ಸಕಲೇಶಪುರ ಕಡೆ ಕಾಡಾನೆ ಕಾಟ ಎಲ್ಲರಿಗೂ ಗೊತ್ತಿರುವುದೇ. ಹಿಂದಿನ ದಿನವಷ್ಟೇ ಹಳ್ಳದ ಹತ್ತಿರ ಲದ್ದಿ ಕಂಡಿದ್ದೆವು. ನೆರೆಮನೆಯವರ ಪಿಕಪ್ ಬರುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಅಕ್ಕ ಉಳಿದಳು. ಆದರೆ ಆ ಒಂದು ಗಂಟೆ ಅವಳ ಪಕ್ಕ ಕೂತಿದ್ದವನು ನಾನು.

ಮೂರನೇ ದಿನ ಪಟ್ಲ ಬೆಟ್ಟಕ್ಕೆ ಬಾಡಿಗೆ ಜೀಪು ಓಡಿಸುವ ಹಳೇ ಡ್ರೈವರ್ ಒಬ್ಬರು ಬಂದರು. ಏನನ್ನೂ ಬಿಚ್ಚಲಿಲ್ಲ. ಒಂದು ದಪ್ಪ ವೈರು ತಂದು, ಅದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ ಮೈಗೆ ಕಚ್ಚಿಸಿ, "ಈಗ ಹೊಡೀರಿ ಅಣ್ಣ" ಅಂದರು. ಒಂದೇ ಸಲಕ್ಕೆ ಸ್ಟಾರ್ಟ್!

ಕೆಟ್ಟಿದ್ದು ಅರ್ಥಿಂಗ್ ಪಟ್ಟಿ. ಎಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ. ಹೊರಗೆ ನೋಡಲು ಚೆನ್ನಾಗೇ ಇತ್ತು, ಬೋಲ್ಟಿನ ಅಡಿಯಲ್ಲಿ ತುಕ್ಕು ತಿಂದಿತ್ತು. ಹೊಸದಕ್ಕೆ 180 ರೂಪಾಯಿ. ಬ್ಯಾಟರಿಯೂ ಸೆಲ್ಫೂ ಮೊದಲಿನಿಂದ ಸರಿಯಾಗೇ ಇದ್ದವು.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಖರ್ಚಿಲ್ಲದ್ದನ್ನು ಮೊದಲು ನೋಡು, ಬಿಚ್ಚುವುದನ್ನು ಕೊನೆಗೆ ಇಡು.

ಸೆಲ್ಫ್ ತಿರುಗದಿದ್ದರೆ

ಮೊದಲು ಹೆಡ್‌ಲೈಟ್ ಹಾಕಿ. ಲೈಟೇ ಬರದಿದ್ದರೆ ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಕಳಚಿದೆ. ಲೈಟ್ ಹೊಳೆಯುತ್ತಿದ್ದು, ಸೆಲ್ಫ್ ಹೊಡೆದಾಗ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಅಥವಾ ಯಾವುದೋ ಜೋಡಣೆಯಲ್ಲಿ ತುಕ್ಕು. ಲೈಟ್ ಮಂಕಾಗದೆ, ಸದ್ದೂ ಇಲ್ಲದಿದ್ದರೆ ಕೀಲಿ ಸ್ವಿಚ್ಚಿನಿಂದ ಸೆಲ್ಫಿಗೆ ಹೋಗುವ ಸಣ್ಣ ವೈರು ನೋಡಿ. 'ಟಕಟಕಟಕ' ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ. ಒಂದೇ 'ಟಕ್' ಆದರೆ ದಪ್ಪ ವೈರು, ಅರ್ಥಿಂಗ್, ಆಮೇಲೆ ಸೆಲ್ಫಿನ ಒಳಗಿನ ಬ್ರಷ್.

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಬಳಸುವುದು ಕಷ್ಟವಿಲ್ಲ, ನಾನೇ ಕಲಿತಿದ್ದೇನೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಬಂದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸುಮಾರು 14 ಇರಬೇಕು. ಆಗಲೂ 12ರ ಹತ್ತಿರವೇ ನಿಂತರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಹೊಸ ಬ್ಯಾಟರಿ ತರಬೇಡಿ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯಾ ನೋಡಿ, ಆಮೇಲೆ ಆಲ್ಟರ್ನೇಟರ್ ತೋರಿಸಿ.

ಅರ್ಥಿಂಗ್ ಪರೀಕ್ಷೆಗೂ ಅದೇ ಮೀಟರು ಸಾಕು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬ್ಬಿಯ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣದ ಮೇಲೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಈ ಐದು ನಿಮಿಷದ ಕೆಲಸ ಗೊತ್ತಿದ್ದಿದ್ದರೆ ನನ್ನ ಒಂಬತ್ತು ಸಾವಿರ ಉಳಿಯುತ್ತಿತ್ತು.

ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಕೂತಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಕದಡಿ ತೊಳೆಯಿರಿ. ಆ ನೀರು ಬ್ಯಾಟರಿ ಒಳಗೆ ಹೋಗಬಾರದು. ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಬರುವ ಅನಿಲಕ್ಕೆ ಬೆಂಕಿ ಹತ್ತುವ ಗುಣ ಇದೆ, ಹತ್ತಿರ ಬೀಡಿ ಸೇದಬೇಡಿ.

ಫ್ಯೂಸ್ ಸುಟ್ಟರೆ ಅದೇ ಅಳತೆಯದ್ದನ್ನೇ ಹಾಕಿ. ದಪ್ಪ ವೈರು ಸುತ್ತಿ "ಇನ್ನು ಸುಡಲ್ಲ" ಅಂತ ನಗಬೇಡಿ. ಆಗ ಫ್ಯೂಸಿನ ಬದಲು ಗಾಡಿ ಸುಡುತ್ತದೆ. ಮತ್ತೆ ಮತ್ತೆ ಸುಟ್ಟರೆ ಎಲ್ಲೋ ವೈರಿನ ಸಿಪ್ಪೆ ಹೋಗಿದೆ. ಮಳೆಗಾಲದಲ್ಲಿ ಇಲಿಗಳು ಬಾನೆಟ್ ಒಳಗೆ ಗೂಡು ಮಾಡುವುದು ಸಾಮಾನ್ಯ, ಅಲ್ಲೇ ಮೊದಲು ಹುಡುಕಿ.

ತಿರುಗುತ್ತದೆ, ಸ್ಟಾರ್ಟ್ ಆಗಲ್ಲ

ಹಳೇ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿ ಒತ್ತಿ ಕಾದಾಗ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಆದ್ದರಿಂದ ನೋಡಬೇಕಾದ್ದು ಮೂರೇ: ಡೀಸೆಲ್, ಗಾಳಿ, ಕಾವು.

ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ನಗಬೇಡಿ, ನಮ್ಮ ಜೀಪಿನ ಗೇಜು ಖಾಲಿಯಾದರೂ ಕಾಲು ಟ್ಯಾಂಕ್ ತೋರಿಸುತ್ತಿತ್ತು! ಬೆಳಿಗ್ಗೆ ಚಳಿಗೆ ಹೀಟರ್ ಪ್ಲಗ್ ಕಾಯಲು ಬಿಟ್ಟಿರಾ? ಫಿಲ್ಟರಿನ ತಳದ ತಿರುಪು ಸಡಿಲಿಸಿ, ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಡೀಸೆಲ್ ಬಿಟ್ಟು ನೋಡಿ. ನೀರಿದ್ದರೆ ಲೋಟದ ತಳಕ್ಕೆ ಇಳಿದು ಬೇರೆಯಾಗಿ ಕಾಣುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ಡೀಸೆಲ್ಲಿಗೆ ಸೇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಗಾಡಿ ನಿಲ್ಲಿಸಿ ಊರಿಗೆ ಹೊರಡುವಾಗ ನಾನು ಟ್ಯಾಂಕ್ ತುಂಬಿಸುತ್ತೇನೆ.

ಡೀಸೆಲ್ ಪೂರ್ತಿ ಮುಗಿದು ನಿಂತಿದ್ದರೆ, ಅಥವಾ ಫಿಲ್ಟರ್ ಬದಲಿಸಿದ ಮೇಲೆ, ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಇದೇ ಏರ್ ಲಾಕ್. ಫಿಲ್ಟರಿನ ಮೇಲಿನ ಗಾಳಿ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬರತೊಡಗಿದಾಗ ಒತ್ತುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ದೊಡ್ಡ ಪಂಪಿನ ತಿರುಪಿನಲ್ಲೂ ಹಾಗೆಯೇ. ಪದೇ ಪದೇ ಏರ್ ಲಾಕ್ ಆದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ವಾಷರ್ ಅಥವಾ ರಬ್ಬರ್ ಪೈಪು ಬಿರುಕು ಬಿಟ್ಟಿದೆ.

ಒಂದು ಎಚ್ಚರಿಕೆ. ನಾಝಲ್ಲಿನಿಂದ ಚಿಮ್ಮುವ ಡೀಸೆಲ್ಲಿಗೆ ಎಂದೂ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಅದು ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳು ಹೋಗುವ ಅಪಾಯ, ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಇನ್ನೂ ಎಷ್ಟೋ ಪಟ್ಟು, ಅಲ್ಲಿ ನಾಝಲ್ ಪೈಪಿನ ನಟ್ಟು ಮುಟ್ಟಲೇಬಾರದು.

ಹೊಗೆ ಮತ್ತು ಕಾವು

ಹೊಗೆಯ ಬಣ್ಣ ನೋಡಲು ಕಾಸು ಬೇಡ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಅಥವಾ ಡೀಸೆಲ್ ಹೆಚ್ಚು, ಅಥವಾ ಹೊರೆ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಿ. ನಮ್ಮ ಒಣಸೀಮೆಯಲ್ಲಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೋಡಬೇಕಾಗುತ್ತದೆ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಸಹಜ. ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಆಗ ಓಡಿಸಬೇಡಿ.

ಏರಿನಲ್ಲಿ ಎಂಜಿನ್ ಕಾದರೆ ಬೆಲ್ಟು ನೋಡಿ, ರೇಡಿಯೇಟರಿನ ಜಾಲರಿಗೆ ಕೆಸರು ಮೆತ್ತಿದೆಯಾ ನೋಡಿ. ಕಾದ ಮುಚ್ಚಳ ತೆರೆಯಬೇಡಿ. ಅರ್ಧ ಗಂಟೆ ಕೂತು ಕಾಫಿ ಕುಡಿದರೆ ಯಾರಿಗೂ ನಷ್ಟವಿಲ್ಲ.

ಹಳ್ಳ ದಾಟಿದ ಮೇಲೆ

ಡ್ರಮ್ಮಿಗೆ ನೀರು ಹೋದರೆ ಬ್ರೇಕು ಹಿಡಿಯುವುದಿಲ್ಲ. ದಾಟಿದ ಕೂಡಲೇ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಯಾವ ಗೇರಿನಲ್ಲಿ ಏರು ಹತ್ತಿಸಿದಿರೋ ಅದೇ ಗೇರಿನಲ್ಲಿ ಇಳಿಸಿ. ಎಂಜಿನ್ ಆಫ್ ಮಾಡಿ ಇಳಿಸಿದರೆ ಡೀಸೆಲ್ ಉಳಿಯುತ್ತದೆ ಅನ್ನುವವರಿದ್ದಾರೆ. ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತರೆ ಬ್ರೇಕು ಕಲ್ಲಾಗುತ್ತದೆ, ತಿಳಿದಿರಲಿ.

ಫೋರ್‌ವೀಲ್ ಕೆಸರಿಗೆ ಮಾತ್ರ. ಒಣ ಟಾರಿನ ಮೇಲೆ ಹಾಕಿಕೊಂಡು ತಿರುವು ತಿರುಗಿದರೆ ಹಿಂದುಮುಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಲಿವರ್ ಹೊರಬರುವುದಿಲ್ಲ. ಹಾಗಾದರೆ ಬಲವಂತ ಬೇಡ. ಗಾಡಿಯನ್ನು ನೆಟ್ಟಗೆ ನಾಲ್ಕು ಮಾರು ಹಿಂದಕ್ಕೆ ಬಿಡಿ, ಸಡಿಲವಾಗುತ್ತದೆ.

ಆಳದ ನೀರು ದಾಟಿದ್ದರೆ ಆಕ್ಸಲ್ ಮತ್ತು ಗೇರ್ ಆಯಿಲ್ ನೋಡಿ. ಹಾಲು ಬೆರೆಸಿದ ಟೀ ಬಣ್ಣ ಬಂದಿದ್ದರೆ ನೀರು ಸೇರಿದೆ. ಅಂದೇ ಬದಲಿಸಿದರೆ ಆಯಿಲ್ ಖರ್ಚು, ಬಿಟ್ಟರೆ ಬೇರಿಂಗ್ ಖರ್ಚು.

ಈಗೀಗ ಸಕಲೇಶಪುರ ಸುತ್ತಿನ ರೆಸಾರ್ಟುಗಳಲ್ಲಿ ಎಟಿವಿ ಅನ್ನುವ ನಾಲ್ಕು ಚಕ್ರದ ಬೈಕುಗಳು ಬಂದಿವೆ. ಅಕ್ಕನ ಮಗ "ಅದು ತಗೊಳ್ಳೋಣ ಮಾವ, ತೋಟಕ್ಕೂ ಆಗುತ್ತೆ" ಅನ್ನುತ್ತಿದ್ದಾನೆ. ಅವು ಹೆಚ್ಚಾಗಿ ಪೆಟ್ರೋಲಿನವು. ಅಲ್ಲಿ ಡೀಸೆಲ್ಲಿನ ಏರ್ ಲಾಕ್ ಬದಲು ಸ್ಪಾರ್ಕ್ ಪ್ಲಗ್ ನೋಡಬೇಕು: ಒದ್ದೆಯಾಗಿದೆಯಾ, ಮಸಿ ಹಿಡಿದಿದೆಯಾ, ಕಿಡಿ ಬರುತ್ತಿದೆಯಾ. ಬ್ಯಾಟರಿ, ಅರ್ಥಿಂಗ್, ಫ್ಯೂಸಿನ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಕೈ ಹಾಕಬಾರದ್ದು

ಬ್ರೇಕ್ ಪೆಡಲ್ ಒತ್ತಿದರೆ ಸ್ಪಂಜಿನಂತಿದ್ದರೆ ಗಾಳಿ ಸೇರಿದೆ. ಒತ್ತಿದಂತೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರ್ ಸೋತಿದೆ. ಇಂಥ ಗಾಡಿಯನ್ನು "ನಿಧಾನವಾಗಿ ಹೋಗೋಣ" ಅಂತ ಘಟ್ಟಕ್ಕೆ ಇಳಿಸಬೇಡಿ. ಬ್ರೇಕು, ಸ್ಟಿಯರಿಂಗು, ಡೀಸೆಲ್ ಪಂಪಿನ ಒಳಗಿನ ಕೆಲಸ, ಈ ಮೂರನ್ನು ನಾನು ಮುಟ್ಟುವುದಿಲ್ಲ. ಕಲಿತವರನ್ನು ಕರೆಸುತ್ತೇನೆ. ಆದರೆ ಅವರಿಗೆ ಏನಾಯಿತು, ಯಾವಾಗ ಆಯಿತು, ಎಂಥ ಸದ್ದು ಬಂತು ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದು ಹೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನಮ್ಮ ಜೀಪಿನ ಸೀಟಿನಡಿ ಈಗ ಇರುವುದು ಇಷ್ಟು: ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರ್, ಎರಡೂ ತುದಿಗೆ ಕ್ಲಿಪ್ಪಿರುವ ದಪ್ಪ ವೈರು, ಫ್ಯೂಸುಗಳು, ಹೆಚ್ಚಿಗೆ ಫ್ಯಾನ್ ಬೆಲ್ಟು, ಉಪ್ಪುಕಾಗದ, ವ್ಯಾಸಲೀನ್ ಡಬ್ಬಿ, ಟಾರ್ಚು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಎಲ್ಲಾ ಅರ್ಥಿಂಗ್ ಬೋಲ್ಟು ಬಿಚ್ಚಿ, ಉಜ್ಜಿ, ವ್ಯಾಸಲೀನ್ ಹಚ್ಚಿ ಬಿಗಿ ಮಾಡುತ್ತೇನೆ. ಅರ್ಧ ದಿನದ ಕೆಲಸ. ಎರಡು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವುದಿದ್ದರೆ ಬ್ಯಾಟರಿಯ ಮೈನಸ್ ಕಳಚಿಟ್ಟು ಹೋಗುತ್ತೇನೆ. ಅದನ್ನು ಹಾಕುವುದು ಈಗ ಅಕ್ಕನಿಗೂ ಗೊತ್ತು.