ಗ್ರೂಪಿನಲ್ಲಿ ಇಲ್ಲದವರೂ ಓದುತ್ತಾರೆ

ಮಾರತ್ತಹಳ್ಳಿಯಲ್ಲಿ ಪಿಜಿ ಹುಡುಕುವವರು ಟೆಲಿಗ್ರಾಂನ ಪಬ್ಲಿಕ್ ಗ್ರೂಪಿನಲ್ಲಿ ಏನೇನು ಹಾಕುತ್ತಾರೆ ನೋಡಿ: ಹೆಸರು, ಮೊಬೈಲ್ ನಂಬರ್, ಕೆಲಸದ ಜಾಗ, ‘ಒಬ್ಬಳೇ ಇರ್ತೀನಿ, ಕಲಾಮಂದಿರ ಸ್ಟಾಪ್ ಹತ್ರ ರೂಮ್ ಬೇಕು’. ಸದಸ್ಯರ ಪಟ್ಟಿಯಲ್ಲಿ ಕಾಣುವವರಷ್ಟೇ ಓದುಗರು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಂಥ ಗ್ರೂಪನ್ನು ಸೇರದೆಯೇ, ಹಳೆಯ ಮೆಸೇಜುಗಳ ಸಮೇತ ಓದಬಹುದು. ಯಾರೋ ಪ್ರೋಗ್ರಾಂ ಹಾಕಿ ಎಲ್ಲವನ್ನೂ ಬಾಚಿಕೊಂಡರೂ ಸುಳಿವು ಸಿಗದು. ಲಿಂಕ್ ಇದ್ದವರಿಗೆ ಮಾತ್ರ ಅಂದುಕೊಂಡಿದ್ದ ಎಷ್ಟೋ ವಾಟ್ಸಾಪ್ ಗ್ರೂಪುಗಳ ಲಿಂಕೇ 2020ರ ಫೆಬ್ರವರಿಯಲ್ಲಿ ಗೂಗಲ್‌ನಲ್ಲಿ ಸಿಗುತ್ತಿತ್ತು.

ಬೀದಿಯಲ್ಲಿ ನಿಂತು ಕೂಗಿದ ಮೇಲೆ ಗುಟ್ಟೆಲ್ಲಿ ಬಂತು ಅನ್ನಬಹುದು. ಮಾತಿನಲ್ಲಿ ಹುರುಳಿದೆ, ಆದರೆ ಅರ್ಧ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದ 2017ರ ತೀರ್ಪಿನಲ್ಲೇ ಇದೆ: ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಖಾಸಗಿತನ ಕಳೆದುಹೋಗದು. ಕಿರಿಕಿರಿಯ ಸಂಗತಿ ಎಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೀವಾಗಿಯೇ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೂಮ್ ಸಿಕ್ಕ ಮೇಲೆ ಡಿಲೀಟ್ ಮಾಡಿದರಾಯಿತಲ್ಲ ಎನ್ನುತ್ತೀರಾ? ಬಾಚಿಕೊಂಡವನ ಹತ್ತಿರ ಪ್ರತಿ ಹಾಗೇ ಇರುತ್ತದೆ. ಹಾಗಾಗಿ ಗ್ರೂಪಿನಲ್ಲಿ ಏರಿಯಾ, ಬಜೆಟ್ ಸಾಕು; ನಂಬರ್ ಕೊಡುವುದು ಮನೆ ತೋರಿಸುವವರಿಗೆ, ಅದೂ ವಿಚಾರಿಸಿಕೊಂಡ ಮೇಲೆ.