ಸಾಕಿದ ನಾಯಿ ಗುರುಗುಟ್ಟುವುದೇಕೆ?



ಹೊಲ ಕಾಯುವ, ಕಣ ಕಾಯುವ, ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವ ನಾಯಿ ನಮ್ಮ ಮನೆಯ ಒಂದು ಜೀವವೇ ಸರಿ. ಅಂಥ ನಾಯಿ ಒಂದು ತೆಂಗಿನ ಚಿಪ್ಪನ್ನೋ, ಹಳೆಯ ಚಪ್ಪಲಿಯನ್ನೋ, ಎತ್ತಿಗೆ ಲಾಳ ಕಟ್ಟುವಾಗ ಕೆತ್ತಿ ಬಿಸಾಡಿದ ಗೊರಸಿನ ಚೂರನ್ನೋ ಮುಂಗಾಲುಗಳ ನಡುವೆ ಇಟ್ಟುಕೊಂಡು ಕುಳಿತಾಗ, ಮನೆಯವರೇ ಹತ್ತಿರ ಹೋದರೂ ಗುರ್ ಎನ್ನುವುದುಂಟು. "ಅನ್ನ ಹಾಕಿದ ಕೈಗೇ ಹಲ್ಲು ತೋರಿಸುತ್ತದಲ್ಲ, ಕೊಬ್ಬು ಇದಕ್ಕೆ" ಎಂದು ಕೋಲೆತ್ತಿಕೊಳ್ಳುವವರೇ ಹೆಚ್ಚು. ಇದು ಕೊಬ್ಬೂ ಅಲ್ಲ, ಉಂಡ ಮನೆಗೆ ದ್ರೋಹವೂ ಅಲ್ಲ.

ನಾಯಿ ತೋಳದ ವಂಶದ್ದು. ಬೇಟೆ ಸಿಕ್ಕಿದ ದಿನ ಊಟ, ಸಿಗದ ದಿನ ಉಪವಾಸ. ಸಿಕ್ಕಿದ್ದನ್ನು ಬಿಟ್ಟುಕೊಡದ ಪ್ರಾಣಿಯೇ ಬದುಕಿ ಉಳಿಯಿತು. ಮನುಷ್ಯನ ಜೊತೆಗೆ ಸೇರಿ ಹತ್ತು ಸಾವಿರ ವರ್ಷಗಳು ಮೀರಿದ್ದರೂ ಆ ಗುಣ ಹೋಗಿಲ್ಲ. ಎಲುಬನ್ನು ಮಣ್ಣಿನಲ್ಲಿ ಹೂತಿಡುವುದೂ ಇದೇ ಗುಣದಿಂದ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಹಾಗೆ. ಚಿಪ್ಪು ಹೊಟ್ಟೆ ತುಂಬಿಸುವ ವಸ್ತುವಲ್ಲ, ನಿಜ. ಆದರೆ ಅಗಿಯುವುದಕ್ಕೆ ಹಿತವಾದದ್ದೆಲ್ಲ ನಾಯಿಯ ಲೆಕ್ಕದಲ್ಲಿ ಸ್ವತ್ತೇ. ಮಕ್ಕಳು ಆಟಕ್ಕೆಂದು ಪದೇ ಪದೇ ಅದರ ಬಾಯಿಂದ ಕಸಿದುಕೊಳ್ಳುತ್ತಿದ್ದರೆ ಈ ಗುಣ ಇನ್ನೂ ಬಲಿಯುತ್ತದೆ.

ಗುರುಗುಟ್ಟುವುದು ನಾಯಿಯ ಮಾತು. "ಇನ್ನು ಹತ್ತಿರ ಬರಬೇಡ" ಎಂದು ಅದರ ಅರ್ಥ. ಇದಕ್ಕೂ ಮೊದಲೇ ಕೆಲವು ಗುರುತುಗಳು ಕಾಣುತ್ತವೆ. ಅಗಿಯುವುದು ತಟ್ಟನೆ ನಿಲ್ಲುತ್ತದೆ, ಮೈ ಬಿಗಿಯಾಗುತ್ತದೆ, ತಲೆ ತಗ್ಗಿಸಿ ವಸ್ತುವಿನ ಮೇಲೆ ಬಾಗುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ದೊಡ್ಡವರು ಇದನ್ನು ಅರಿತು ಹಿಂದೆ ಸರಿಯಬಲ್ಲರು. ಮೂರು ವರ್ಷದ ಕೂಸಿಗೆ ಇದೇನು ತಿಳಿದೀತು? ಅದರ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಸಣ್ಣ ಮಕ್ಕಳಿಗೆ ಮುಖ, ಕುತ್ತಿಗೆಗಳ ಮೇಲೆ ಕಡಿತವಾಗುವುದು ಹೆಚ್ಚೆಂಬುದಕ್ಕೆ ಇದೇ ಕಾರಣ.

ಹೊಡೆದರೆ ಏನಾಗುತ್ತದೆ? ಗುರುಗುಟ್ಟುವುದು ನಿಲ್ಲಬಹುದು, ಆದರೆ ಕಸಿದುಕೊಂಡಾರೆಂಬ ಭಯ ಇಮ್ಮಡಿಯಾಗುತ್ತದೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. "ಸುಳಿವೇ ಕೊಡದೆ ಕಚ್ಚಿತು" ಎಂದು ಆಮೇಲೆ ಹೇಳುತ್ತೇವೆ. ಸುಳಿವು ಕೊಡುತ್ತಿತ್ತು, ಕೋಲಿನಿಂದ ಅದರ ಬಾಯಿ ಮುಚ್ಚಿಸಿದವರು ನಾವು. ಉಣ್ಣುವಾಗ ತಟ್ಟೆಗೆ ಕೈ ಹಾಕಿ ಹಾಕಿ ರೂಢಿ ಮಾಡಿಸಬೇಕೆನ್ನುವ ಹಿರಿಯರೂ ಇದ್ದಾರೆ. ಅದೂ ಬೇಡ. ನೀವು ಮುದ್ದೆ ಮುರಿಯುವಾಗ ಯಾರಾದರೂ ತಟ್ಟೆ ಎಳೆದರೆ ನಿಮಗಾದರೂ ಸಹನೆ ಇದ್ದೀತೆ?

ಮಾಡಬೇಕಾದುದು ಇದು: ಕಸಿಯಬೇಡಿ, ಬದಲು ಕೊಡಿ. ನಾಯಿ ಚಿಪ್ಪು ಹಿಡಿದು ಕುಳಿತಾಗ, ಅದು ಮೈ ಬಿಗಿಯದಷ್ಟು ದೂರದಲ್ಲೇ ನಿಂತು, ಒಣಮೀನಿನ ತುಂಡನ್ನೋ ಬೇಯಿಸಿದ ಮೊಟ್ಟೆಯ ಚೂರನ್ನೋ ಅದರತ್ತ ಎಸೆದು ಸುಮ್ಮನೆ ಹೊರಟುಹೋಗಿ. ಚಿಪ್ಪಿನ ಗೊಡವೆ ಬೇಡ. ಕೆಲವು ದಿನ ಹೀಗೆ ನಡೆದರೆ ನಿಮ್ಮನ್ನು ಕಂಡು ಗುರುಗುಟ್ಟುವ ಬದಲು ತಲೆಯೆತ್ತಿ ಕಾಯತೊಡಗುತ್ತದೆ. ಆಗ ದಿನಕ್ಕೊಂದು ಹೆಜ್ಜೆಯಂತೆ ಹತ್ತಿರವಾಗಿ. ಮುಂದೆ ಅದು ತಾನಾಗಿ ಚಿಪ್ಪು ಬಿಟ್ಟು ತಿಂಡಿಗೆ ಬಂದಾಗ, ಚಿಪ್ಪನ್ನು ಎತ್ತಿ ನೋಡಿ, ಮತ್ತೆ ಅದಕ್ಕೇ ಕೊಟ್ಟುಬಿಡಿ. ಹೀಗೆ ಹಿಂದಿರುಗಿಸುವುದನ್ನು ಮರೆಯಬೇಡಿ. ಕೊಟ್ಟದ್ದು ತಿರುಗಿ ಬರುತ್ತದೆಂದು ತಿಳಿದ ಮೇಲೆ ಕಾಯುವ ಅಗತ್ಯ ಅದಕ್ಕೆ ಕಾಣುವುದಿಲ್ಲ. ಇದು ದೊಡ್ಡವರ ಕೆಲಸ, ಮಕ್ಕಳಿಂದ ಮಾಡಿಸಕೂಡದು. ನಾಯಿಯ ಊಟ ಓಡಾಟವಿಲ್ಲದ ಮೂಲೆಯಲ್ಲಿರಲಿ. ಈಗಾಗಲೇ ಕಚ್ಚಿರುವ ನಾಯಿಯಾದರೆ ಈ ಅಭ್ಯಾಸಕ್ಕೆ ನೀವೇ ಇಳಿಯದೆ ಪಶುವೈದ್ಯರನ್ನು ಕೇಳಿ.

ಎಂದೂ ಗುರುಗುಟ್ಟದ ನಾಯಿ ಇದ್ದಕ್ಕಿದ್ದಂತೆ ಆರಂಭಿಸಿದರೆ ಕಿವಿಯಲ್ಲೋ ಹಲ್ಲಿನಲ್ಲೋ ನೋವಿರಬಹುದು. ಮರಿ ಹಾಕಿದ ನಾಯಿಯ ಮಾತು ಬೇರೆ, ಅದರ ತಂಟೆಗೆ ಹೋಗದಿದ್ದರೆ ಸಾಕು. ಆದರೆ ಜೊಲ್ಲು ಸುರಿಸುತ್ತ, ನುಂಗಲಾರದೆ, ಕಂಡ ಕಂಡದ್ದನ್ನು ಕಚ್ಚುವ ನಾಯಿಯ ಬಳಿಗೆ ಯಾರೂ ಸುಳಿಯಬಾರದು. ಅದು ರೇಬೀಸ್ ಎಂಬ ಹುಚ್ಚುನಾಯಿ ರೋಗವಿರಬಹುದು.

ಮನೆಯ ನಾಯಿಯೇ ಕಚ್ಚಿದರೂ, ಗೀರಿದರೂ ಉದಾಸೀನ ಸಲ್ಲದು. ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯರು ಹೇಳಿದಷ್ಟು ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿಕೊಳ್ಳಿ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದು ಚುಚ್ಚಬೇಕಾಗುತ್ತದೆ, ಅದನ್ನು ಬೇಡವೆನ್ನಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಬಲು ವಿರಳ. ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿ, ದಿನಾಂಕ ಬರೆದ ಚೀಟಿಯನ್ನು ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳಿ.

— ಗ್ರಾಮಸೇವಕ