ಹಬ್ಬದ ಟಗರು ಮತ್ತು ಹುಲ್ಲಿನ ಲೆಕ್ಕ

ಬಕ್ರೀದ್‌ಗೆ ಮೂರು ತಿಂಗಳಿರುವಾಗಲೇ ಟಗರು ತಂದು ಕಟ್ಟಿದರೆ ಅಗ್ಗವಾಗುತ್ತದೆ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಹಬ್ಬದ ವಾರದ ಸಂತೆಯ ಬೆಲೆ ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಸಹೋದರಿಯರೇ, ಟಗರು ತರುವವರು ಗಂಡಸರು, ಬೆಳಿಗ್ಗೆ ಸಂಜೆ ಮೇವು ಹಾಕುವವರು ನೀವು. ಆದ್ದರಿಂದ ಹಗ್ಗ ನಿಮ್ಮ ಕೈಗೆ ಬರುವ ಮೊದಲೇ ಮೇವಿನ ಲೆಕ್ಕ ಕೇಳಿರಿ.

25 ಕಿಲೋ ತೂಗುವ ಟಗರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣ ಮೇವು ಬೇಕು. 90 ದಿನಕ್ಕೆ 90 ಕಿಲೋ ಎಂದು ಲೆಕ್ಕ ಹಾಕುತ್ತೀರಿ. ಆದರೆ ನೆಲದ ಮೇಲೆ ಹರಡಿದ ಹುಲ್ಲನ್ನು ಟಗರು ತುಳಿಯುತ್ತದೆ, ಅದರ ಮೇಲೆಯೇ ಮೂತ್ರ ಮಾಡುತ್ತದೆ, ಹೊಲಸಾದದ್ದನ್ನು ಮತ್ತೆ ಮುಟ್ಟುವುದಿಲ್ಲ. ಮೂರರಲ್ಲಿ ಒಂದು ಪಾಲು ಹೀಗೆ ಹಾಳಾಯಿತೆನ್ನಿ. ಆಗ 135 ಕಿಲೋ ಕೊಳ್ಳಬೇಕು, 45 ಕಿಲೋ ತಿಪ್ಪೆಗೆ! ನಿಮ್ಮೂರಿನ ದರ ಹಾಕಿ ನೋಡಿ. ಬಿದಿರಿನ ಪಟ್ಟಿಗಳಿಂದ ಟಗರಿನ ತಲೆಯ ಎತ್ತರಕ್ಕೆ ಒಂದು ಗೋದಲಿ ಕಟ್ಟಿಸಿ, ದಿನದ ಮೇವನ್ನು ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿದರೆ ಈ ನಷ್ಟದ ಬಹುಪಾಲು ಉಳಿಯುತ್ತದೆ.

ಅಗ್ಗವೆಂದು ಭತ್ತದ ಹುಲ್ಲನ್ನೇ ನಂಬಬೇಡಿ. ಅದರಿಂದ ಹೊಟ್ಟೆ ತುಂಬೀತು, ಮೈ ತುಂಬದು. ಶೇಂಗಾ ಗಿಡದ ಒಣ ಬಳ್ಳಿ, ತೊಗರಿ ಹೊಟ್ಟು, ಹುರುಳಿ ಹೊಟ್ಟು ಇವುಗಳಲ್ಲಿ ಪ್ರೊಟೀನ್ ಹೆಚ್ಚು. ಸುಗ್ಗಿಯ ಕಾಲದಲ್ಲಿ ಎರಡು ಮೂರು ಮನೆಯವರು ಸೇರಿ ಕೊಂಡು, ಮಳೆ ತಾಗದಂತೆ ಇಟ್ಟುಕೊಳ್ಳಬಹುದು. (ಮಿಕ್ಕಿದ ಅನ್ನವನ್ನು ಒಮ್ಮೆಲೇ ಬಕೆಟ್ ತುಂಬ ಸುರಿಯುವವರಿದ್ದಾರೆ. ಹೊಟ್ಟೆಯುಬ್ಬರದಿಂದ ಟಗರು ಸತ್ತರೆ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು.)

ಕೆಲವರು ಉಳಿತಾಯ ಮಾಡುವುದು ಟಗರಿನ ಹೊಟ್ಟೆಯಲ್ಲಿ. ಸಂಜೆಯ ಮೇವು ತಪ್ಪಿದರೂ ಅದು ದೂರು ಹೇಳುವುದಿಲ್ಲ ಎಂಬ ಧೈರ್ಯ. ಅನ್ಸಾರಿಯೊಬ್ಬರ ತೋಟದಲ್ಲಿ ಪ್ರವಾದಿ(ಸ)ಯವರನ್ನು ಕಂಡು ಒಂಟೆಯೊಂದು ಕಣ್ಣೀರು ಸುರಿಸಿದ ಘಟನೆ ನಿಮಗೆ ಗೊತ್ತಿರಬಹುದು. ಅವರು ಅದನ್ನು ನೇವರಿಸಿ ಸಮಾಧಾನಪಡಿಸಿದರು. ಬಳಿಕ ಒಡೆಯನನ್ನು ಕರೆಸಿ, ನೀನು ಇದನ್ನು ಉಪವಾಸ ಕೆಡವಿ ದುಡಿಸುತ್ತಿರುವೆಯೆಂದು ಇದು ದೂರಿದೆ ಎಂದು ಎಚ್ಚರಿಸಿದರು. ಇನ್ನೊಂದು ವಿಚಾರವೂ ಇದೆ. ಎದ್ದುಕಾಣುವ ರೋಗ, ಕುಂಟು, ಕುರುಡು ಇರುವ ಪ್ರಾಣಿ ಕುರ್‌ಬಾನಿಗೆ ಸಲ್ಲದು. ಮೂಳೆಯಲ್ಲಿ ಮಜ್ಜೆಯಿಲ್ಲದಷ್ಟು ಬಡಕಲಾದದ್ದೂ ಸಲ್ಲದು. ಮೇವಿನಲ್ಲಿ ಕೈ ಬಿಗಿ ಹಿಡಿದವರು ಕೊನೆಗೆ ಬೇರೆ ಟಗರನ್ನೇ ಕೊಳ್ಳಬೇಕಾದೀತು, ಅದೂ ಹಬ್ಬದ ವಾರದ ಬೆಲೆಗೆ.

ಮೂರು ತಿಂಗಳ ಮೇವು, ಸಾಗಣೆ, ಜಂತಿನ ಔಷಧಿ ಎಲ್ಲವನ್ನೂ ಟಗರಿನ ಬೆಲೆಗೆ ಕೂಡಿಸಿ. ಆ ಮೊತ್ತ ಹಬ್ಬದ ಸಂತೆಯ ಬೆಲೆಗಿಂತ ಕಡಿಮೆಯಿದ್ದರೆ, ಮನೆಯಲ್ಲಿ ನೆರಳೂ ನೀರೂ ಇದ್ದರೆ ಈಗಲೇ ತನ್ನಿ. ಇಲ್ಲವಾದರೆ ಆ ಹಣವನ್ನು ಡಬ್ಬಿಯಲ್ಲಿ ಹಾಕಿಡಿ, ಟಗರು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬರಲಿ.